ಬಳ್ಳಿಯಲ್ಲಿ ಎಷ್ಟು ಕಾಯಿ

ಮಾರ್ಕಯನ್‌ಕೋಟ್ಟೈ
10 ನವೆಂಬರ್ 2024, ಭಾನುವಾರ

ತಮ್ಮ ವಿಮಲ್‌ಗೆ,

ಅಕ್ಕ ತಿಲಗವತಿ ಬರೆಯುವುದು. ನಾನು ಚೆನ್ನಾಗಿದ್ದೇನೆ. ನಮ್ಮ ಸೋದರತ್ತೆ ಪೊನ್ನಮ್ಮಾಳ್ ಚೆನ್ನಾಗಿದ್ದಾಳೆ, ಅವಳ ಮೊಣಕಾಲು ಮಾತ್ರ ಚೆನ್ನಾಗಿಲ್ಲ. ನಿನ್ನ ಬೋಡಿಮೆಟ್ಟು ಎಸ್ಟೇಟಿನಲ್ಲಿ ಫೋನಿಗೆ ಟವರ್ ಸಿಗದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮೊದಲೇ "ಸರಿಕ್ಕಾ, ಸರಿಕ್ಕಾ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಪೂರ್ತಿ ಓದಲೇಬೇಕು. ಎದುರು ಮನೆಯ ವೇಲು ಶನಿವಾರ ಜೀಪು ಇಳಿಸಿಕೊಂಡು ಬರುತ್ತಾನೆ, ಸೋಮವಾರ ಬೆಳಗಿನ ಜಾವ ಏಲಕ್ಕಿ ಕೆಲಸದವರನ್ನು ಹತ್ತಿಸಿಕೊಂಡು ನಿನ್ನ ಕಡೆಗೆ ಹೋಗುತ್ತಾನೆ. ಅವನ ಕೈಯಲ್ಲೇ ಕಳಿಸುತ್ತೇನೆ.

ಅಪ್ಪ ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ತಮಿಳು ಸೀಮೆಯಲ್ಲಿದ್ದರೂ ಈ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ, ಓದುವವರು ನಾವಿಬ್ಬರೇ. ಅಪ್ಪ ಮೈಸೂರು ಕಡೆಯಿಂದ ಒಂದನೇ ಪುಸ್ತಕ ತಂದು ಮೂವರನ್ನೂ ಕೂರಿಸಿದಾಗ ಪಾಂಡಿ ಅಣ್ಣ ಎದ್ದು ಓಡಿಹೋಗಿದ್ದ, ನೆನಪಿದೆಯಾ? ಈಗಷ್ಟೇ ನನ್ನ ಹಿಂದೆ ನಿಂತು ಇಣುಕಿ, "ಏನೇ ಇದು, ಜಿಲೇಬಿ ಸುತ್ತುತಿದ್ದೀಯಾ?" ಎಂದ. ಹೌದು, ನಿನ್ನ ತಮ್ಮನಿಗೆ ಕಳಿಸೋಕೆ ಎಂದೆ.

ವಿಷಯಕ್ಕೆ ಬರುತ್ತೇನೆ. ಬಾವಿಯ ಮಗ್ಗುಲಿನ ಇಪ್ಪತ್ತು ಸೆಂಟು ನೆಲ ನಿನಗೆ ಗೊತ್ತು. ನಿನ್ನ ಭಾವ ತೀರಿಹೋಗಿ ನಾನು ದಿಂಡಿಗಲ್‌ನಿಂದ ಇಲ್ಲಿಗೆ ಬಂದು ಹನ್ನೆರಡು ವರ್ಷವಾಯಿತು. ಅಷ್ಟೂ ವರ್ಷ ಅಲ್ಲಿ ಸೊಪ್ಪು, ಬದನೆ, ಅವರೆ ಅಂತ ಬೆಳೆದು ತಿಂದು, ತಿನ್ನಿಸಿ ಬದುಕಿದ್ದೇನೆ. ಅಣ್ಣನಿಗೆ ದ್ರಾಕ್ಷಿ ಚಪ್ಪರದ ಪಂದಲ್ ಅಲ್ಲಿಯವರೆಗೂ ಎಳೆಯಬೇಕಂತೆ. ಕೇಳಲಿಲ್ಲ, ಹೇಳಲಿಲ್ಲ, ಹೋದ ತಿಂಗಳು ಪಂದಲಿನ ಕಲ್ಲುಕಂಬ ತಂದು ನನ್ನ ಬದನೆ ಸಾಲಿನ ಮೇಲೆಯೇ ಇಳಿಸಿದ. ನಾನು ಅರಳಿಕಟ್ಟೆಗೆ ಹೋಗಿ, ಊರವರೆಲ್ಲ ಕೂತಿದ್ದಾಗಲೇ ಕೇಳಿದೆ. ಅವನು ಹೇಳಿದ್ದು ಇದು:

"ಏ ತಿಲಗಾ, ಸೊಪ್ಪು ಕಿತ್ಕೊಂಡು ಇರೋದೆಲ್ಲಾ ಒಂದ್ ವೆವಸಾಯವಾ? ದಿಂಡಿಗಲ್ ತರಕಾರಿ ಪೋಟಿಗೆ ಒಂದ್ ಪೂಸಣಿಕಾಯ್ ಒಯ್ದು ನೂರು ಕಿಲೋ ತೂಗ್ಸಿ ತೋರ್ಸು, ಆ ನೆಲ ನೀನೇ ಇಟ್ಕೋ. ಇಲ್ದೋದ್ರೆ ವರ್ಸ ಹುಟ್ಟೋ ಚಿತ್ತಿರೆ ಒಂದನೇ ದಿವ್ಸ ನಾ ಕಲ್ಲು ನೆಟ್ಟೇ ನೆಡ್ತೀನಿ."

ಯಾವುದೋ ದೇಶದ ದೈತ್ಯ ಕುಂಬಳಕಾಯಿಯನ್ನು ಫೋನಿನಲ್ಲಿ ನೋಡಿಕೊಂಡು ಕೂತಿದ್ದ, ಅದೇ ಬಾಯಿಗೆ ಬಂದಿದೆ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಆಗ್ಲಿ" ಎಂದೆ. ಎಂದಮೇಲೆ ಹಿಂದಕ್ಕೆ ತೆಗೆದುಕೊಳ್ಳುವವಳು ನಾನಲ್ಲ.

ಒಟ್ಟನ್‌ಚತ್ರಂ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ನಲವತ್ತು ಕಿಲೋ ಕಾಯಿಯ ಬೀಜ ಕೊಟ್ಟಳು. ಐದು ಹಾಕಿದೆ, ಒಂದು ಬಳ್ಳಿ ಮಾತ್ರ ರೋಷದಿಂದ ಎದ್ದಿದೆ. ನೀನು ಎಸ್ಟೇಟಿನಲ್ಲಿ ಸೂಪರ್‌ವೈಸರ್, ಗಿಡದ ಪುಸ್ತಕ ಓದುವವನು. ಇಂಥ ಬಳ್ಳಿಯಲ್ಲಿ ಎಷ್ಟು ಕಾಯಿ ಬಿಡಬೇಕು? ಅದೊಂದು ಹೇಳು. ಬುದ್ಧಿಮಾತು ಬೇಡ.

ಅಕ್ಕ,
ತಿಲಗವತಿ


ಬೋಡಿಮೆಟ್ಟು
22 ನವೆಂಬರ್ 2024, ಶುಕ್ರವಾರ

ಅಕ್ಕನಿಗೆ ವಿಮಲನ ನಮಸ್ಕಾರ.

ಇಲ್ಲಿ ನಾಲ್ಕು ದಿನದಿಂದ ಒಂದೇ ಸಮ ಮಂಜು. ಎರಡನೇ ಸುತ್ತಿನ ಏಲಕ್ಕಿ ಕೊಯ್ಲು ನಡೆಯುತ್ತಿದೆ. ನನ್ನ ಹೆಂಡತಿ ಅಮುದಾ ನಿನ್ನನ್ನು ಕೇಳಿದಳು.

ಅಕ್ಕಾ, ಬುದ್ಧಿಮಾತು ಬೇಡ ಎಂದಿದ್ದೀಯ, ಆದರೂ ಹೇಳುತ್ತೇನೆ. ಅಣ್ಣ ಕೋಪದಲ್ಲಿ ಏನೋ ಅಂದಿರುತ್ತಾರೆ. ಅವರಿಗೂ ಅರವತ್ತಾಯಿತು. ಇಪ್ಪತ್ತು ಸೆಂಟಿಗಾಗಿ ಅಣ್ಣ ತಂಗಿ ಅರಳಿಕಟ್ಟೆಯಲ್ಲಿ ಜಗಳವಾಡುವುದು ಚೆನ್ನಾಗಿರುವುದಿಲ್ಲ. ಪಂದಲ್ ಬಂದರೂ ಅದರ ನೆರಳಿನಲ್ಲಿ ನೀನು ಸೊಪ್ಪು ಬೆಳೆಯಬಹುದಲ್ಲವೇ? ಯೋಚನೆ ಮಾಡು.

ನೀನು ಕೇಳಿದ್ದಕ್ಕೆ ಉತ್ತರ: ಒಂದೇ. ಬಳ್ಳಿ ಎಷ್ಟೇ ದೊಡ್ಡದಾಗಿರಲಿ, ಅದರ ಶಕ್ತಿ ಒಂದೇ. ಎರಡು ಕಾಯಿ ಬಿಟ್ಟರೆ ಪಾಲಾಗುತ್ತದೆ, ಮೂರು ಬಿಟ್ಟರೆ ಮೂರೂ ಸಣ್ಣದಾಗುತ್ತವೆ. ಹತ್ತರಿಂದ ಹದಿಮೂರನೇ ಎಲೆಯ ನಡುವೆ ಕಚ್ಚಿದ ಒಂದು ಕಾಯಿ ಇಟ್ಟುಕೊಂಡು ಉಳಿದ ಹೀಚನ್ನೆಲ್ಲ ಮುಷ್ಟಿಯಷ್ಟಾಗುವ ಮೊದಲೇ ಚಿವುಟಿಬಿಡು. ಬಳ್ಳಿಯ ಗೆಣ್ಣುಗಳಿಗೆ ಮಣ್ಣು ಹಾಕಿ ಮುಚ್ಚು, ಅಲ್ಲಲ್ಲೂ ಬೇರು ಬಿಡುತ್ತದೆ. ಕಾಯಿಯ ಕೆಳಗೆ ಮರಳು ಹಾಸು, ಇಲ್ಲದಿದ್ದರೆ ತಳ ಕೊಳೆಯುತ್ತದೆ.

ಚಿವುಟುವಾಗ ಮನಸ್ಸು ಬರುವುದಿಲ್ಲ. ಆದರೂ ಚಿವುಟಬೇಕು.

ತಮ್ಮ,
ವಿಮಲ್


ಮಾರ್ಕಯನ್‌ಕೋಟ್ಟೈ
29 ಡಿಸೆಂಬರ್ 2024, ಭಾನುವಾರ

ತಮ್ಮ ವಿಮಲ್‌ಗೆ,

ಮಂಜು ಎಷ್ಟಿದೆ ಎಂದು ನಾನು ಕೇಳಿರಲಿಲ್ಲ. ಪಂದಲಿನ ನೆರಳಿನಲ್ಲಿ ಸೊಪ್ಪು ಬೆಳೆ ಎಂದು ಬರೆಯಲು ನಿನಗೆ ಹೇಗಾದರೂ ಕೈ ಬಂತೋ! ಅಣ್ಣನ ಬಳ್ಳಿಯ ಕೆಳಗೆ, ಅವನು ಔಷಧಿ ಹೊಡೆಯದ ದಿನ ನೋಡಿಕೊಂಡು ನಾನು ಬಗ್ಗಿಕೊಂಡು ಹೋಗಿ ಸೊಪ್ಪು ಕೀಳಬೇಕೇ? ಆಗುವುದಿಲ್ಲ. ಆ ಮಾತು ಅಲ್ಲಿಗೆ ಬಿಡು.

ಬಳ್ಳಿಯ ಸುದ್ದಿ ಕೇಳು. ಬಾವಿಯ ಕಟ್ಟೆಯಿಂದ ಹೊರಟು ಅಣ್ಣನ ಕಲ್ಲುಕಂಬಗಳ ರಾಶಿ ದಾಟಿ ಆ ಕಡೆ ಇಳಿದಿದೆ. ಎಲೆ ಒಂದೊಂದೂ ಅತ್ತೆ ಅಕ್ಕಿ ಕೇರುವ ಮೊರದಷ್ಟು ಅಗಲ. ನೀನು ಹೇಳಿದ ಹಾಗೆ ಗೆಣ್ಣಿಗೆಲ್ಲ ಮಣ್ಣು ಹಾಕಿದ್ದೇನೆ. ದಿನಾ ಸಗಣಿ ನೀರು, ವಾರಕ್ಕೊಮ್ಮೆ ಚಿನ್ನಮನೂರು ಸಂತೆಯಿಂದ ಮೀನಿನ ತಲೆ ತಂದು ಬೆಲ್ಲದಲ್ಲಿ ಕೊಳೆಸಿ ಹಾಕುತ್ತೇನೆ. ವಾಸನೆಗೆ ಅಣ್ಣ ಮೂಗು ಮುಚ್ಚಿಕೊಂಡು ಓಡಾಡುತ್ತಾನೆ, ಅದೊಂದು ಸಂತೋಷ. ನವಿಲು ಓಡಿಸಲು ನಾನೇ ಅಲ್ಲಿ ಕೂರುತ್ತೇನೆ.

ಹೆಣ್ಣು ಹೂ ಬಂದಿವೆ. ಕೋಳಿ ಕೂಗುವ ಹೊತ್ತಿಗೆ ಹೋಗಿ ಗಂಡು ಹೂವಿನ ದೂಳನ್ನು ಕೈಯಾರೆ ಮುಟ್ಟಿಸಿ, ಹೂವಿನ ಬಾಯಿಗೆ ದಾರ ಕಟ್ಟುತ್ತೇನೆ. ಮೊದಲನೆಯದು ಹನ್ನೊಂದನೇ ಎಲೆಯಲ್ಲಿ ಕಚ್ಚಿತು. ನೀನು ಹೇಳಿದ ಜಾಗದಲ್ಲೇ, ನೀನು ಹೇಳಿದ ಹಾಗೇ. ಇನ್ನೂ ಮೂರು ಹೂವಿನ ಮೊಗ್ಗು ಕಾಣುತ್ತಿವೆ.

ತೊಂದರೆ ಅಲ್ಲೇ ಶುರುವಾದದ್ದು. ಅತ್ತೆ ಕೋಲೂರಿಕೊಂಡು ಬಂದು ನೋಡಿ, ಕೈ ಮುಗಿದು, "ತಲೆಕಾಯ್ ಕಂಬಂಗೆ" ಎಂದುಬಿಟ್ಟಳು. ನಿನಗೆ ಮರೆತಿರಲಾರದು. ಕಂಬಂ ಊರಿನ ದೊಡ್ಡಿಯಲ್ಲಿ ನಮ್ಮ ತಂಬಿರಾನ್ ದನಗಳಿವೆಯಲ್ಲ, ಯಾರೂ ಹಾಲು ಕರೆಯದ, ಯಾರೂ ನೊಗ ಕಟ್ಟದ ದೇವರ ದನ. ಬೆಳೆ ಯಾವುದೇ ಇರಲಿ, ಮೊದಲು ಕಚ್ಚಿದ್ದನ್ನು ಸಂಕ್ರಾಂತಿಯ ಮಾರನೆಯ ಮಾಟ್ಟುಪೊಂಗಲ್ ದಿನ ಅವುಗಳ ಮುಂದೆ ಇಡದೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಹಾಕಿದವರಲ್ಲ. ಅಪ್ಪ ಅಷ್ಟು ಜ್ವರದಲ್ಲೂ ಮೊದಲ ದ್ರಾಕ್ಷಿ ಗೊಂಚಲು ಹಿಡಿದು ಬಸ್ಸು ಹತ್ತಿದ್ದರು.

ನೀನು ಒಂದೇ ಬಿಡು ಎನ್ನುತ್ತೀಯ. ಬಿಡುವುದು ಒಂದೇ ಆದರೆ ಅದೇ ತಲೆಕಾಯಿ. ಕೊಟ್ಟರೆ ನನಗೆ ಕಾಯಿಯಿಲ್ಲ, ಇಟ್ಟುಕೊಂಡರೆ ದೇವರ ಪಾಲು ಕದ್ದವಳಾಗುತ್ತೇನೆ. ಪಕ್ಕದ ಮನೆಯ ಜೆಯಲಕ್ಷ್ಮಿ ನಾಲ್ಕು ಬಿಡು ಎನ್ನುತ್ತಾಳೆ. ಅಣ್ಣ ಬೇಲಿಯ ಆಚೆ ನಿಂತು, "ಎಂಟು ಬಿಡು, ಊರಿಗೆಲ್ಲಾ ಸಾಂಬಾರ್ ಆಗ್ತದೆ" ಎಂದ. ನೀನು ಏನು ಹೇಳುತ್ತೀಯ?

ಅಕ್ಕ,
ತಿಲಗವತಿ


ಬೋಡಿಮೆಟ್ಟು
3 ಜನವರಿ 2025, ಶುಕ್ರವಾರ

ಅಕ್ಕನಿಗೆ ನಮಸ್ಕಾರ.

ನೀನು ಇಷ್ಟು ಓದಿದವಳು, ಹೀಗೆ ಕೇಳಬಹುದೇ? ಮೊದಲನೆಯ ಕಾಯಿಯನ್ನು ಮುಟ್ಟಬೇಡ. ಅದೇ ನಿನ್ನ ನೂರು ಕಿಲೋ. ಅದು ಕಚ್ಚಿದ ಜಾಗ ಸರಿ, ದಿನ ಸರಿ, ಬೇರಿನಿಂದ ಇರುವ ದೂರವೂ ಸರಿ. ಎರಡನೆಯದನ್ನು ಸ್ವಲ್ಪ ಬೆಳೆಯಲು ಬಿಟ್ಟು ಪೊಂಗಲ್‌ಗೆ ಕಂಬಂಗೆ ಕೊಂಡುಹೋಗು. ದನಗಳಿಗೆ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ಗೊತ್ತಾಗುತ್ತದೆಯೇ? ಅತ್ತೆಗೂ ಕಣ್ಣು ಮಂಜು. ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕಾ, ನೀನು ಗೆಲ್ಲಬೇಕು. ಇದನ್ನು ನಾನು ಎಷ್ಟು ಮನಸಾರೆ ಹೇಳುತ್ತಿದ್ದೇನೆ ಎಂದು ನಿನಗೆ ತಿಳಿಯದು. ನೀನು ಗೆದ್ದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ದಯವಿಟ್ಟು ಒಂದೇ ಬಿಡು, ಅದೂ ಮೊದಲನೆಯದನ್ನೇ.

ತಮ್ಮ,
ವಿಮಲ್


ಮಾರ್ಕಯನ್‌ಕೋಟ್ಟೈ
19 ಜನವರಿ 2025, ಭಾನುವಾರ

ವಿಮಲ್,

ಮಾಟ್ಟುಪೊಂಗಲ್ ದಿನ ಬೆಳಿಗ್ಗೆ ಮೊದಲನೆಯ ಕಾಯಿಯನ್ನು ನಾನೇ ಕೊಯ್ದೆ. ನೀರಿನ ಬಿಂದಿಗೆಯಷ್ಟು ತುಂಬಿಕೊಂಡಿತ್ತು, ಎರಡು ಕೈಯಲ್ಲಿ ಹಿಡಿಯಲು ಕಷ್ಟ. ಹತ್ತು ಕಿಲೋಗೆ ಕಡಿಮೆಯಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಬರೆದಿದ್ದೆಯಲ್ಲ, ನನಗೆ ಗೊತ್ತಾಗುತ್ತಿತ್ತು. ಒಬ್ಬರ ಪಾಲನ್ನು ಅವರಿಗೆ ತಿಳಿಯದ ಹಾಗೆ ಇಟ್ಟುಕೊಂಡು, ಆಮೇಲೆ ನನ್ನ ಪಾಲು ಕೊಡು ಎಂದು ಯಾವ ಬಾಯಲ್ಲಿ ಕೇಳಲಿ? ಮಡಿಲಲ್ಲಿ ಇಟ್ಟುಕೊಂಡು ಕಂಬಂ ಬಸ್ಸಿನಲ್ಲಿ ಕೂತೆ. ಅಣ್ಣ ಬಾಗಿಲಲ್ಲಿ ನಿಂತು, "ಮುಗೀತು ನಿನ್ ನೂರು ಕಿಲೋ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ ಎಂದು ಹೋದೆ. ದನಗಳ ಮುಂದೆ ಇಟ್ಟು ಒಡೆದಾಗ ಒಂದು ಬಿಳಿ ಹಸು ಬಂದು ತಿಂದಿತು, ನನಗೆ ಅಳು ಬಂತು, ಸಂತೋಷವೂ ಆಯಿತು.

ಅಲ್ಲಿ ಅರ್ಜಿ ಬರೆದುಕೊಡುವ ರಾಮರ್ ಸಿಕ್ಕಿದರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಏನಮ್ಮಾ ತಿಲಗಾ, ಬಾವಿ ನೆಲ ಬಿಟ್ ಕೊಟ್ಟು ನೆಮ್ದಿಯಾಗಿದ್ದೀಯಾ? ತಾಲೂಕಾಫೀಸಿಗೆ ಪಂದಲ್ ಅರ್ಜಿ ನಾನೇ ಬರ್ದಿದ್ದು. ನಿನ್ ತಮ್ಮ ಕೈಯೆಳುತ್ತು ಹಾಕವ್ನಲ್ಲಾ, ಅಕ್ಕನ್ಗೂ ಸಮ್ಮತ ಅಂತ."

ನಿನ್ನ ಸಹಿ ಬಿದ್ದದ್ದು ಅಕ್ಟೋಬರ್ ಆರನೇ ತಾರೀಖಂತೆ. ನಾನು ನಿನಗೆ ಮೊದಲ ಕಾಗದ ಬರೆಯುವುದಕ್ಕೆ ಒಂದು ತಿಂಗಳು ಮೊದಲು. ಅಂದರೆ ನಾನು ಕೇಳಿದಾಗ, ನೀನು ಉತ್ತರ ಬರೆದಾಗ, ಮಂಜು, ಏಲಕ್ಕಿ, ಗೆಣ್ಣಿಗೆ ಮಣ್ಣು ಎಂದು ಅಷ್ಟು ಅಕ್ಕರೆಯಿಂದ ಹೇಳಿದಾಗ, ನನ್ನ ನೆಲವನ್ನು ನೀನು ಆಗಲೇ ಕೊಟ್ಟಾಗಿತ್ತು. ನನ್ನ ಹೆಸರಿನಲ್ಲಿ ಒಪ್ಪಿಗೆ ಹೇಳಲು ನೀನು ಯಾರು?

ನೀನು ಒಂದೇ ಬಿಡು, ಒಂದೇ ಬಿಡು ಎಂದು ಬೇಡಿಕೊಂಡದ್ದು ಯಾಕೆಂದು ಈಗ ಗೊತ್ತಾಯಿತು. ಒಂದನ್ನು ನವಿಲು ಕುಕ್ಕಿದರೆ ಮುಗಿಯಿತು, ಒಂದು ಕೊಳೆತರೆ ಮುಗಿಯಿತು. ಅಣ್ಣನಿಗೆ ಕೆಲಸ ಸುಲಭ. ನೀವಿಬ್ಬರೂ ಸೇರಿಯೇ ಆಡಿದ ಆಟ.

ಬಳ್ಳಿಯಲ್ಲಿ ಮೂರು ಕಾಯಿ ಕಚ್ಚಿವೆ. ಮೂರನ್ನೂ ಬಿಡುತ್ತೇನೆ. ಒಂದನ್ನೂ ಚಿವುಟುವುದಿಲ್ಲ. ನಿನ್ನ ಪುಸ್ತಕವನ್ನು ನೀನೇ ಇಟ್ಟುಕೋ.

ತಿಲಗವತಿ


ಬೋಡಿಮೆಟ್ಟು
24 ಜನವರಿ 2025, ಶುಕ್ರವಾರ

ಅಕ್ಕಾ,

ಸಹಿ ಮಾಡಿದ್ದು ನಿಜ. ಸುಳ್ಳು ಹೇಳುವುದಿಲ್ಲ.

ನಾನು ಈ ಎಸ್ಟೇಟಿಗೆ ಬಂದು ಹದಿನೆಂಟು ವರ್ಷ. ಅಣ್ಣ ಒಂದು ಸಲವೂ ನನ್ನ ಮನೆಗೆ ಬಂದವರಲ್ಲ. ಅಕ್ಟೋಬರಿನಲ್ಲಿ ಒಂದು ಭಾನುವಾರ ಬಂದರು. ಒಂದು ಬುಟ್ಟಿ ಪನ್ನೀರ್ ದ್ರಾಕ್ಷಿ ಹೊತ್ತುಕೊಂಡು, ಬಸ್ಸಿಳಿದು ನಾಲ್ಕು ಕಿಲೋಮೀಟರ್ ನಡೆದೇ ಬಂದರು. ಅಮುದಾ ಕೋಳಿ ಕೊಯ್ದಳು. ಅಣ್ಣ ಊಟ ಮಾಡಿದರು, ನನ್ನ ಏಲಕ್ಕಿ ಗಿಡ ನೋಡಿದರು, "ನಲ್ಲಾ ಇಟ್ಟಿದ್ದೀಯೋ" ಎಂದು ಮೆಚ್ಚಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು. ಅಕ್ಕಾ, ನನಗೆ ಐವತ್ತು ವರ್ಷ, ಆದರೂ ಆ ಕೈಗೆ ನಾನು ಕರಗಿಹೋದೆ. ಹೊರಡುವಾಗ ಜೇಬಿನಿಂದ ಕಾಗದ ತೆಗೆದರು. "ತಿಲಗಾ ಒಪ್ಕಂಡವ್ಳೆ, ನೀನೂ ಹಾಕು" ಎಂದರು. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದರೆ ಅಣ್ಣನನ್ನು ನಂಬಲಿಲ್ಲ ಎಂದಾಗುತ್ತದೆ ಎನಿಸಿತು. ಹಾಕಿದೆ.

ನಿನ್ನ ಮೊದಲ ಕಾಗದ ಬಂದ ದಿನ ಅಣ್ಣ ಹೇಳಿದ್ದು ಸುಳ್ಳೆಂದು ಗೊತ್ತಾಯಿತು. ಅಣ್ಣನಿಗೆ ಹೇಳುವ ಧೈರ್ಯ ಬರಲಿಲ್ಲ, ನಿನಗೆ ಹೇಳುವ ಮುಖ ಇರಲಿಲ್ಲ. ನೀನು ಗೆದ್ದರೆ ಅಣ್ಣ ಊರ ಮುಂದೆ ಕೊಟ್ಟ ಮಾತಿಗೆ ಕಟ್ಟುಬೀಳುತ್ತಾರೆ, ನನ್ನ ಸಹಿ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡೆ. ಒಂದೇ ಬಿಡು ಎಂದದ್ದು ಅದಕ್ಕೆ. ಅದರಲ್ಲಿ ಆಟವಿಲ್ಲ.

ನನ್ನನ್ನು ಎಷ್ಟು ಬೇಕಾದರೂ ಬೈಯಿ. ನನ್ನ ಮೇಲಿನ ಸಿಟ್ಟಿಗೆ ಬಳ್ಳಿಯನ್ನು ಹಾಳುಮಾಡಬೇಡ. ಎರಡನ್ನು ಕೊಯ್ದುಬಿಡು.

ವಿಮಲ್


ಬೋಡಿಮೆಟ್ಟು
14 ಫೆಬ್ರವರಿ 2025, ಶುಕ್ರವಾರ

ಅಕ್ಕಾ,

ಮೂರು ವಾರವಾಯಿತು. ವೇಲು ಪ್ರತಿ ಸೋಮವಾರ ಬರಿಗೈಯಲ್ಲಿ ಬರುತ್ತಾನೆ. "ಅಕ್ಕ ಜಿಲೇಬಿ ಕೊಡ್ಲಿಲ್ಲಣ್ಣೇ" ಎಂದು ನಗುತ್ತಾನೆ. ಅವನಿಗೆ ತಮಾಷೆ.

ಕಾಯಿಗಳು ಹೇಗಿವೆ ಎಂದು ಅವನನ್ನೇ ಕೇಳಿದೆ. ತೆಂಗಿನ ಗರಿಯ ಚಪ್ಪರದ ಕೆಳಗೆ ಇವೆ, ಎಷ್ಟೆಂದು ಲೆಕ್ಕ ಹಾಕಲು ಅಕ್ಕ ಹತ್ತಿರ ಬಿಡುವುದಿಲ್ಲ ಎಂದ. ಪೋಟಿಗೆ ಇನ್ನೂ ಐವತ್ತು ದಿನವಿದೆಯಂತೆ. ಕಾಯಿ ಮೈ ತುಂಬಿಕೊಳ್ಳುವುದು ಈಗಲೇ. ಈಗ ಕೊಯ್ದರೂ ಉಳಿದ ಒಂದಕ್ಕೆ ಬಲ ಬರುತ್ತದೆ. ಇದನ್ನು ತಮ್ಮನ ಮಾತೆಂದು ಕೇಳಬೇಡ, ಯಾರೋ ದಾರಿಹೋಕ ಹೇಳಿದನೆಂದು ಕೇಳು.

ವಿಮಲ್


ಮಾರ್ಕಯನ್‌ಕೋಟ್ಟೈ
2 ಮಾರ್ಚ್ 2025, ಭಾನುವಾರ

ವಿಮಲ್,

ಕಾಗದ ಎರಡೂ ತಲುಪಿದವು. ಮೂರೂ ಕಾಯಿ ಚೆನ್ನಾಗಿವೆ. ದಾರಿಹೋಕರ ಬುದ್ಧಿಮಾತು ನನಗೆ ಬೇಡ.

ಅಣ್ಣ ನಿನ್ನ ಹೆಗಲ ಮೇಲೆ ಕೈಯಿಟ್ಟದ್ದನ್ನು ಬರೆದಿದ್ದೀಯ. ನನ್ನ ಹೆಗಲ ಮೇಲೆ ಅವನು ಯಾವತ್ತೂ ಕೈಯಿಟ್ಟಿಲ್ಲ. ಇಟ್ಟಿದ್ದರೆ ನಾನೂ ಸಹಿ ಹಾಕುತ್ತಿದ್ದೆನೋ ಏನೋ. ಹಾಗೆಂದು ನಿನ್ನನ್ನು ಕ್ಷಮಿಸಿದೆ ಎಂದು ತಿಳಿಯಬೇಡ.

ಏಪ್ರಿಲ್ ಐದು, ಶನಿವಾರ ದಿಂಡಿಗಲ್ ಪೋಟಿ. ವೇಲು ಜೀಪು ತರುತ್ತಾನೆ.

ತಿಲಗವತಿ


ಬೋಡಿಮೆಟ್ಟು
11 ಏಪ್ರಿಲ್ 2025, ಶುಕ್ರವಾರ

ಅಕ್ಕನಿಗೆ ಸಾವಿರ ನಮಸ್ಕಾರ!

ವೇಲು ಜೀಪು ನಿಲ್ಲಿಸುವ ಮೊದಲೇ ಕೂಗಿಕೊಂಡು ಬಂದ. ಮೊದಲ ಬಹುಮಾನವಂತೆ! ಅರವತ್ತೊಂದು ಕಿಲೋವಂತೆ! ಎಸ್ಟೇಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಅಮುದಾ ಪಾಯಸ ಮಾಡಿದಳು.

ನೂರು ಆಗಲಿಲ್ಲ ಎಂದು ಬೇಸರ ಮಾಡಬೇಡ. ಅದಕ್ಕೂ ದಾರಿಯಾಗಿದೆ. ನಿನ್ನೆ ಟವರ್ ಸಿಗುವ ಚೆಕ್‌ಪೋಸ್ಟಿಗೆ ಹೋಗಿ ಅಣ್ಣನ ಜೊತೆ ಒಂದು ಗಂಟೆ ಮಾತಾಡಿದೆ. ಮೊದಲು ಹಾರಾಡಿದರು, ಆಮೇಲೆ ಇಳಿದರು. ನೀನು ಇರುವವರೆಗೂ ಬಾವಿ ನೆಲದಲ್ಲಿ ಕಲ್ಲು ನೆಡುವುದಿಲ್ಲವಂತೆ. ನಿನ್ನ ಕಾಲಾನಂತರ ಮಾತ್ರ ಅದು ಅವರ ಪಂದಲಿಗೆ ಸೇರಬೇಕು, ಅಷ್ಟೇ. ಒಂದು ಕಾಗದ ಬರೆಸಿ ಇಟ್ಟಿದ್ದಾರೆ, ಸಹಿ ಹಾಕಿಬಿಡು. ಇದು ಗೆಲುವೇ ಅಕ್ಕಾ. ಅಣ್ಣ ಇಷ್ಟು ಇಳಿದು ಬಂದದ್ದನ್ನು ನಾನು ನೋಡಿರಲಿಲ್ಲ. ಇನ್ನು ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿರೋಣ.

ತಮ್ಮ,
ವಿಮಲ್


ಮಾರ್ಕಯನ್‌ಕೋಟ್ಟೈ
13 ಏಪ್ರಿಲ್ 2025, ಭಾನುವಾರ

ತಮ್ಮ ವಿಮಲ್‌ಗೆ,

ಪಾಯಸ ಮಾಡಿದ್ದಕ್ಕೆ ಅಮುದಾಗೆ ಸಂತೋಷ ಹೇಳು. ಉಳಿದ ಮಾತಿಗೆ ಉತ್ತರ ಬರೆಯುತ್ತೇನೆ, ಕೂತು ಓದು.

ಮೊದಲು ನನ್ನ ಸುಳ್ಳು. ಮಾರ್ಚಿನಲ್ಲಿ ಮೂರೂ ಕಾಯಿ ಚೆನ್ನಾಗಿವೆ ಎಂದು ಬರೆದೆನಲ್ಲ, ಆಗ ಇದ್ದದ್ದು ಎರಡೇ. ಸಹಿಯ ಸುದ್ದಿ ಕೇಳಿ ಬಂದ ಮೇಲೆ ಒಂದು ವಾರ ನಾನು ಬಳ್ಳಿಯ ಹತ್ತಿರ ಹೋಗಲಿಲ್ಲ, ಮುಸುಕು ಹೊದ್ದು ಮಲಗಿದ್ದೆ. ಆ ವಾರ ಒಂದರ ಕೆಳಗೆ ಮರಳು ಹಾಸುವುದು ತಪ್ಪಿತು. ಫೆಬ್ರವರಿಯಲ್ಲಿ ತಳ ಕೊಳೆತುಹೋಯಿತು. ನಿನಗೆ ಆ ಕಾಗದ ಬರೆದ ಮಾರನೆಯ ದಿನ ಉಳಿದೆರಡರಲ್ಲಿ ಚಿಕ್ಕದನ್ನು ಕೊಯ್ದೆ. ನಿನ್ನ ಮಾತು ಸರಿಯಾಗಿತ್ತು ವಿಮಲ್. ಉಳಿದದ್ದು ಹತ್ತೇ ದಿನದಲ್ಲಿ ಅಂಗೈಯಗಲ ಹಿಗ್ಗಿತು, ಟೈಲರ್ ಟೇಪಿನಲ್ಲಿ ದಿನಾ ಅಳೆಯುತ್ತಿದ್ದೆ. ನಿನ್ನ ಮಾತು ಕೇಳಿದೆನೆಂದು ನಿನಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

ಇನ್ನು ದಿಂಡಿಗಲ್. ನಾಲ್ಕು ಜನ ಸೇರಿ ಗೋಣಿಯಲ್ಲಿ ಎತ್ತಿ ತರಾಸಿನ ಮೇಲೆ ಇಟ್ಟರು. ಅರವತ್ತೊಂದು ಕಿಲೋ ನಾನೂರು ಗ್ರಾಂ. ಎರಡನೆಯದು ಒಟ್ಟನ್‌ಚತ್ರಂ ಕಡೆಯವರದು, ನಲವತ್ತಮೂರು. ಜನ ಚಪ್ಪಾಳೆ ತಟ್ಟಿದರು, ನಾನು ಒಂದು ಕಡೆ ಕೂತು ಅತ್ತುಬಿಟ್ಟೆ. ಸೋತೆನಲ್ಲಾ ಎಂದು. ತೂಕ ಬರೆದುಕೊಳ್ಳುವ ಮುದುಕರು ಬಂದು ಯಾಕಮ್ಮಾ ಅಳುತ್ತೀಯ ಎಂದರು. ನೂರು ಆಗಲಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಈ ಪೋಟಿ ಶುರುವಾದಾಗಿನಿಂದ ಬರೆಯುತ್ತಿದ್ದೇನೆ, ಐವತ್ತನಾಲ್ಕರ ಮೇಲೆ ಯಾರೂ ತಂದಿಲ್ಲ, ನಿನಗೆ ನೂರು ಎಂದು ಹೇಳಿದವರು ಯಾರು ಎಂದರು.

ಬರುವಾಗ ಜೀಪಿನಲ್ಲಿ ಅದೇ ಯೋಚನೆ. ನೂರು ಎಂದು ಹೇಳಿದವನು ಅಣ್ಣ. ಫೋನ್ ನೋಡಿ ಬಾಯಿಗೆ ಬಂದದ್ದನ್ನು ಹೇಳಿದ. ನಾನು ಆರು ತಿಂಗಳು ಎಷ್ಟು ಕಾಯಿ ಬಿಡಲಿ, ಯಾವುದನ್ನು ಕೊಯ್ಯಲಿ ಎಂದು ಊರನ್ನೆಲ್ಲ ಕೇಳಿಕೊಂಡು ತಿರುಗಿದೆ. ಅಪ್ಪನಿಗೆ ನಾವು ಮೂವರು ಮಕ್ಕಳು, ನೆಲಕ್ಕೆ ಮೂರು ಪಾಲು. ನನ್ನದನ್ನು ನಾನು ಗೆಲ್ಲಬೇಕೆಂದು ಒಪ್ಪಿಕೊಂಡೆನಲ್ಲ, ಆ "ಆಗ್ಲಿ" ಎಂದದ್ದೇ ತಪ್ಪು. ಅದು ನನ್ನದೇ ತಪ್ಪು, ನಿಮ್ಮಿಬ್ಬರದಲ್ಲ.

ಮನೆಗೆ ಬಂದಾಗ ಅಣ್ಣ ಜಗಲಿಯಲ್ಲಿ ಕೂತಿದ್ದ. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಕೈಯಲ್ಲಿದ್ದ ಬಹುಮಾನದ ಕಪ್ಪಿನ ಕಡೆ ಅಣ್ಣ ನೋಡಲೂ ಇಲ್ಲ.

"ನೂರು ಅಂದಿದ್ದೆ" ಎಂದ.

"ನಿನ್ ಪಾಲು ನಿಂಗೆ ಬರೋವಾಗ ಯಾವ ತರಾಸಲ್ಲಿ ಏನ್ ತೂಗ್ಸ್ದೆ ಅಣ್ಣಾ?" ಎಂದೆ.

"ಏ, ನಾ ಗಂಡ್ಮಗ ಕಣೇ."

"ಅದನ್ನ ತಾಲೂಕಾಫೀಸಲ್ಲಿ ಬಂದ್ ಹೇಳು."

ಅವನು ಎದ್ದು ಒಳಗೆ ಹೋದ. ಅತ್ತೆ ಆರತಿಯನ್ನು ನನಗೇ ಎತ್ತಿದಳು.

ಮಂಗಳವಾರ ಉತ್ತಮಪಾಳಯಂ ತಾಲೂಕಾಫೀಸಿಗೆ ಹೋದೆ. ರಾಮರ್ ಅವರನ್ನೇ ಕರೆದುಕೊಂಡು ಹೋದೆ, ಅಣ್ಣನ ಅರ್ಜಿ ಬರೆದ ಕೈಯಲ್ಲೇ ನನ್ನದನ್ನೂ ಬರೆಸಿದೆ. ನೆಲದ ಪಟ್ಟಾದಲ್ಲಿ ಮೂವರ ಹೆಸರೂ ಇದೆ. ಒಬ್ಬರ ಒಪ್ಪಿಗೆಯನ್ನು ಇನ್ನೊಬ್ಬರು ಹೇಳಲು ಬರುವುದಿಲ್ಲವಂತೆ, ನಿನ್ನ ಸಹಿ ನನ್ನ ಪಾಲನ್ನು ಮುಟ್ಟುವುದಿಲ್ಲವಂತೆ. ಪಂದಲ್ ಅರ್ಜಿಯನ್ನು ನಿಲ್ಲಿಸಿದ್ದಾರೆ. ಪಾಲು ಬೇರೆ ಮಾಡಿಕೊಡಿ ಎಂದು ನಾನು ಕೊಟ್ಟಾಯಿತು, ರಸೀತಿ ನನ್ನ ಪೆಟ್ಟಿಗೆಯಲ್ಲಿದೆ. ಅಣ್ಣ ನಿನ್ನ ಜೊತೆ ಒಂದು ಗಂಟೆ ಮಾತಾಡಿ "ಇಳಿದದ್ದು" ಅದಾದ ಎರಡು ದಿನಕ್ಕೆ. ಈ ಸುದ್ದಿಯನ್ನು ಅವನು ನಿನಗೆ ಹೇಳಿರಲಾರ. ನೀನೂ ಕೇಳಿರಲಾರೆ.

ನಾನು ಇರುವವರೆಗೂ ನೆಲ ನನಗೆ ಬಿಡುತ್ತಾನಂತೆ. ನನ್ನದನ್ನು ನನಗೆ ಬಿಡಲು ಅವನು ಯಾರು? ನಾನು ಸತ್ತ ಮೇಲೆ ಅದು ಯಾರಿಗೆ ಎಂದು ನಾನು ಹೇಳುತ್ತೇನೆ. ಜೆಯಲಕ್ಷ್ಮಿಯ ಮಗಳಿಗೆ ಕೊಡುತ್ತೇನೋ, ಕಂಬಂ ದನಗಳಿಗೆ ಬರೆಯುತ್ತೇನೋ, ಅದು ನನ್ನ ಇಷ್ಟ. ಆ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ನೆಮ್ಮದಿಯಾಗಿರೋಣ ಎಂದು ಬರೆದಿದ್ದೀಯ. ನಾನು ಸುಮ್ಮನಿದ್ದರೆ ನಿಮ್ಮಿಬ್ಬರಿಗೆ ನೆಮ್ಮದಿ. ನನಗೆ ಅಂಥದ್ದು ಬೇಡ.

ನಿನ್ನ ಮೇಲೆ ಈಗ ಸಿಟ್ಟಿಲ್ಲ. ಇದ್ದದ್ದೆಲ್ಲ ಕರಗಿದೆ, ಸ್ವಲ್ಪ ಸಂಕಟ ಉಳಿದಿದೆ. ಏಪ್ರಿಲ್ ಇಪ್ಪತ್ತೆರಡು, ಮಂಗಳವಾರ, ಹತ್ತು ಗಂಟೆಗೆ ಉತ್ತಮಪಾಳಯಂನಲ್ಲಿ ಕರೆದಿದ್ದಾರೆ. ಆಧಾರ್ ಕಾರ್ಡ್ ಹಿಡಿದುಕೊಂಡು ಬಾ. ಅಣ್ಣನ ಎದುರಿಗೆ ನಿಂತು, ಅಕ್ಕ ಒಪ್ಪಿರಲಿಲ್ಲ, ನಾನು ಕೇಳದೆ ಬರೆದೆ ಎಂದು ಹೇಳು. ನಿನ್ನ ಪಾಲನ್ನೂ ತೆಗೆದುಕೋ, ನಿನಗೂ ನಾಳೆ ಬೇಕಾಗುತ್ತದೆ. ಅವನ ಮುಖ ನೋಡಿ ಹೇಳಲು ಆಗದಿದ್ದರೆ ನನ್ನ ಮುಖ ನೋಡಿಕೊಂಡು ಹೇಳು. ನೀನು ಬಾರದಿದ್ದರೂ ನನ್ನ ಕೆಲಸ ನಿಲ್ಲುವುದಿಲ್ಲ, ಆದರೆ ನೀನು ಬಂದರೆ ನನಗೆ ತಮ್ಮನಿದ್ದಾನೆ ಎನಿಸುತ್ತದೆ.

ನಾಳೆ ಚಿತ್ತಿರೆ ಒಂದು. ಅಣ್ಣ ಕಲ್ಲು ನೆಡುತ್ತೇನೆ ಎಂದ ದಿನ. ಆಳುಗಳನ್ನು ಕರೆದಿದ್ದಾನೋ ಇಲ್ಲವೋ ಗೊತ್ತಿಲ್ಲ, ಕೇಳಲು ಹೋಗಿಲ್ಲ. ಬಹುಮಾನದ ಕಾಯಿಯನ್ನು ಬೀದಿಯವರಿಗೆಲ್ಲ ಕೊಯ್ದು ಹಂಚಿದೆ, ಅಣ್ಣನ ಅಡುಗೆಗೂ ಒಂದು ಹೋಳು ಕೊಟ್ಟೆ, ಅತ್ತಿಗೆ ತೆಗೆದುಕೊಂಡಳು. ಬೀಜ ಒಣಗಿಸಿಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ಗುದ್ದಲಿ ಹಿಡಿದು ಬಾವಿಯ ಮಗ್ಗುಲಿಗೆ ಹೋಗುತ್ತೇನೆ. ಅವನ ಕಂಬಗಳು ಎಲ್ಲಿ ಬೇಕಾದರೂ ಬಿದ್ದಿರಲಿ, ನಡುವೆ ಜಾಗ ನೋಡಿ ಗುಣಿ ತೋಡಿ ಬೀಜ ಹಾಕುತ್ತೇನೆ. ಈ ಸಲ ಬಳ್ಳಿಯಲ್ಲಿ ಎಷ್ಟು ಕಾಯಿ ಬಿಡುವುದೆಂದು ನಾನು ಯಾರನ್ನೂ ಕೇಳುವುದಿಲ್ಲ, ನಿನ್ನನ್ನೂ ಕೂಡ.

ಅಕ್ಕ,
ತಿಲಗವತಿ